ಹುಂಡಿಯಿಂದ ಗಣಕದ ಪ್ರಾಮಿಸ್‌ವರೆಗೆ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರ ಉದ್ಯೋಗಗಳನ್ನು ಹಿಂದೆ ಒಂದು ಕೈಯ ಬೆರಳುಗಳಲ್ಲೇ ಎಣಿಸಿಬಿಡಬಹುದಾಗಿತ್ತು. ಹೊಟೇಲು, ಬ್ಯಾಂಕು, ಗಿರಣಿ, ರೈಲ್ವೆ, ಇಲ್ಲವೇ ನಮ್ಮಂತೆ ಸರಕಾರಿ ಕಛೇರಿಯ ಗುಮಾಸ್ತಗಿರಿ. ಇಂದಿನ ಮಕ್ಕಳ ಉದ್ಯೋಗವನ್ನು ಹಾಗೆ ಎಣಿಸಲು ಬಾರದು. ಅಂಧೇರಿ, ಪವಾಯಿ, ಐರೋಲಿಗಳ ಗಾಜಿನ ಕಟ್ಟಡಗಳಲ್ಲಿ ಕುಳಿತು ಅವರು ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುತ್ತಾರೆ. ಅವರ ಮಾತಿನಲ್ಲಿ ಟೈಪ್‌ಸ್ಕ್ರಿಪ್ಟ್, ಅಸಿಂಕ್, ಪ್ರಾಮಿಸ್ ಎಂಬ ಶಬ್ದಗಳು ಬಂದುಹೋಗುತ್ತವೆ. ಹಿರಿಯರಿಗೆ ಇದು ತಮಗೆ ಸಂಬಂಧಿಸದ ಲೋಕವೆಂದು ತೋರುವುದು ಸಹಜ.

ನಾವು ಓದಿದ್ದು ವಿಜ್ಞಾನ, ಬದುಕುತ್ತಿರುವುದು ಕಡತಗಳ ನಡುವೆ. ಆದರೂ ಕುತೂಹಲದಿಂದ ಈ 'ಪ್ರಾಮಿಸ್' ಎಂಬ ಒಂದು ಶಬ್ದದ ಬೆನ್ನು ಹತ್ತಿದಾಗ ತಿಳಿದುಬಂದ ಸಂಗತಿಗಳು ಸ್ವಾರಸ್ಯಕರವಾಗಿವೆ. ಶಬ್ದ ಹುಟ್ಟಿದ್ದು ಅಮೇರಿಕೆಯ ವಿಶ್ವವಿದ್ಯಾಲಯಗಳಲ್ಲಿ. ಆದರೆ ಅದರ ಹಿಂದಿರುವ ವಿಚಾರ ನಮ್ಮ ಕಾಲಬಾದೇವಿಯ ಪೇಢಿಗಳಲ್ಲಿ ಅದಕ್ಕಿಂತ ಬಹಳ ಮೊದಲೇ ಬಳಕೆಯಲ್ಲಿತ್ತು. ಅಷ್ಟೇ ಅಲ್ಲ, ಆ ಪೇಢಿಗಳ ಮುನೀಮರು ಅರಿತಿದ್ದ ಒಂದು ಮುಖ್ಯ ಎಚ್ಚರಿಕೆ ಇಂದಿನ ಗಣಕದ ಭಾಷೆಯಲ್ಲಿ ಪೂರ್ತಿಯಾಗಿ ಬಂದಿಲ್ಲ. ಆ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಒಬ್ಬನೇ ಗುಮಾಸ್ತ

ಮೊದಲು ಸಮಸ್ಯೆ ಏನೆಂದು ನೋಡೋಣ. ಒಂದು ಕಛೇರಿಯಲ್ಲಿ ಒಂದೇ ಕಿಟಕಿ, ಒಬ್ಬನೇ ಗುಮಾಸ್ತ, ಎದುರಿಗೆ ಉದ್ದನೆಯ ಸರದಿ ಎಂದು ಭಾವಿಸಿರಿ. ಮೊದಲನೆಯವರು ಹಳೆಯ ಕಡತವೊಂದನ್ನು ಕೇಳಿದರು. ಅದು ರೆಕಾರ್ಡ್ ರೂಮಿನಲ್ಲಿದೆ. ಜವಾನನು ಹೋಗಿ ತರಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಗುಮಾಸ್ತನು ಕೈಕಟ್ಟಿ ಕುಳಿತರೆ ಇಡೀ ಸರದಿ ನಿಂತುಬಿಡುತ್ತದೆ. ಜಾಣ ಗುಮಾಸ್ತನು ಹಾಗೆ ಮಾಡುವುದಿಲ್ಲ. ಅರ್ಜಿಗೆ ಡೈರಿ ನಂಬರು ಹಾಕಿ, ಆ ನಂಬರಿನ ಚೀಟಿಯನ್ನು ಅರ್ಜಿದಾರರ ಕೈಗಿತ್ತು, "ಬೆಂಚಿನ ಮೇಲೆ ಕುಳಿತಿರಿ, ಕರೆಯುತ್ತೇನೆ" ಎಂದು ಹೇಳಿ ಮುಂದಿನವರತ್ತ ತಿರುಗುತ್ತಾನೆ.

ನಮ್ಮ ಫೋನಿನ ಮತ್ತು ಗಣಕದ ಪರದೆಗಳ ಮೇಲೆ ಪುಟಗಳನ್ನು ನಡೆಸುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಸ್ಥಿತಿಯೂ ಇದೇ. ಅದರಲ್ಲಿ ಮೂಲತಃ ಒಂದು ಪುಟಕ್ಕೆ ಒಬ್ಬನೇ ಗುಮಾಸ್ತ. ಪುಟವು ದೂರದ ಗಣಕವೊಂದರಿಂದ ನಿಮ್ಮ ಖಾತೆಯ ಶಿಲ್ಕನ್ನು ಕೇಳಿದಾಗ ಉತ್ತರ ಬರಲು ಸಮಯ ಹಿಡಿಯುತ್ತದೆ. ಅಷ್ಟು ಹೊತ್ತು ಅವನು ಕಾಯುತ್ತ ಕುಳಿತರೆ ಗುಂಡಿ ಒತ್ತಿದರೂ ಪುಟ ಅಲುಗಾಡದು. ಆದ್ದರಿಂದ ಕೇಳಿಕೆಯನ್ನು ಕಳಿಸಿ, ಚೀಟಿಯೊಂದನ್ನು ಇಟ್ಟುಕೊಂಡು, ಬೇರೆ ಕೆಲಸ ಮುಂದುವರಿಸಬೇಕು. ಇದನ್ನೇ ಅಸಿಂಕ್ರೊನಸ್ ಎನ್ನುತ್ತಾರೆ. ಕೆಲಸ ಕೊಟ್ಟ ಗಳಿಗೆ ಬೇರೆ, ಫಲ ಬರುವ ಗಳಿಗೆ ಬೇರೆ ಎಂದು ಅದರ ಅರ್ಥ. ಮಧ್ಯಂತರದಲ್ಲಿ ಕೈಯಲ್ಲಿರುವ ಚೀಟಿಯೇ ಪ್ರಾಮಿಸ್.

ಕಾಲಬಾದೇವಿಯ ಕಾಗದ

ಇಂಥ ಚೀಟಿಯನ್ನು ನಮ್ಮ ದೇಶದ ವ್ಯಾಪಾರಿಗಳು ಹುಂಡಿ ಎಂದು ಕರೆದರು. ಮೂಳಜಿ ಜೇಠಾ ಮಾರ್ಕೆಟಿನ ಬಟ್ಟೆ ವ್ಯಾಪಾರಿಗಳೂ ಝವೇರಿ ಬಜಾರಿನ ಸರಾಫರೂ ಹಣದ ಗಂಟು ಹೊತ್ತು ಊರೂರು ಅಲೆಯದೆ, ಹುಂಡಿಯ ಬಲದಿಂದ ದೂರದ ಪೇಟೆಗಳೊಡನೆ ವ್ಯವಹರಿಸಿದರು. ಹುಂಡಿಯಲ್ಲಿ ಬಗೆಗಳಿದ್ದವು. ಕಂಡೊಡನೆ ಹಣ ಕೊಡಬೇಕಾದದ್ದು ದರ್ಶನೀ ಹುಂಡಿ. ಇಂತಿಷ್ಟು ದಿನಗಳ ನಂತರ ಕೊಡಬೇಕಾದದ್ದು ಮುದ್ದತಿ ಹುಂಡಿ. ಬಂದವರಿಗೆಲ್ಲ ಕೊಡದೆ, ಪೇಟೆಯಲ್ಲಿ ಪ್ರತಿಷ್ಠೆಯುಳ್ಳ 'ಶಾಹ'ನಿಗೆ ಮಾತ್ರ ಕೊಡತಕ್ಕದ್ದು ಶಾಹಜೋಗ ಹುಂಡಿ. ಕಾಗದದ ಬಗೆ ನೋಡಿದರೆ ಸಾಕು, ಯಾರಿಗೆ ಯಾವಾಗ ಏನು ಸಲ್ಲಬೇಕೆಂಬುದು ಮುನೀಮನಿಗೆ ತಿಳಿಯುತ್ತಿತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಬಂದಾಗಲೂ ದೇಶಭಾಷೆಗಳಲ್ಲಿ ಬರೆದ ಇಂಥ ಪತ್ರಗಳ ಸ್ಥಳೀಯ ರೂಢಿಗೆ ಧಕ್ಕೆ ಬಾರದಂತೆ ಅದರ ಮೊದಲನೆಯ ಕಲಮಿನಲ್ಲೇ ರಕ್ಷಣೆ ಕೊಡಲಾಯಿತು.

ಹುಂಡಿಯ ಬದುಕಿನಲ್ಲಿ ಮೂರೇ ಅವಸ್ಥೆಗಳು: ಹಣ ಇನ್ನೂ ಸಂದಿಲ್ಲ, ಹಣ ಸಂದಿದೆ, ಇಲ್ಲವೇ ಹಣ ಕೊಡಲು ನಿರಾಕರಿಸಲಾಗಿದೆ. ಹಣ ಸಂದ ಹುಂಡಿಗೆ 'ಖೋಖಾ' ಎಂಬ ಹೆಸರು. ಒಮ್ಮೆ ಖೋಖಾ ಆದದ್ದು ಮತ್ತೆ ಹುಂಡಿಯಾಗದು. ಗಣಕದ ಪ್ರಾಮಿಸಿಗೂ ಈ ಮೂರೇ ಅವಸ್ಥೆ: ಪೆಂಡಿಂಗ್, ಫುಲ್‌ಫಿಲ್ಡ್, ರಿಜೆಕ್ಟೆಡ್. ಅಲ್ಲಿಯೂ ಒಮ್ಮೆ ಇತ್ಯರ್ಥವಾದದ್ದು ಮತ್ತೆ ಬದಲಾಗುವುದಿಲ್ಲ.

ಆದರೆ ಹುಂಡಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಹುಂಡಿ ಕಳೆದುಹೋದರೆ ಅದರ ಪ್ರತಿಯಾಗಿ 'ಪೇಠ್', ಅದೂ ಕಳೆದರೆ 'ಪರಪೇಠ್' ಬರೆದುಕೊಡುವ ಪದ್ಧತಿಯಿತ್ತು. ಹಣ ಕೊಡಬೇಕಾದವನು ಕೈಯೆತ್ತಿಬಿಟ್ಟರೆ? ಅದಕ್ಕಾಗಿ ಹುಂಡಿಯೊಡನೆ 'ಜಿಕ್ರಿ ಚೀಟಿ' ಎಂಬ ಬೇರೊಂದು ಪತ್ರವನ್ನು ಕೊಡುವುದಿತ್ತು. ಅದು ಅದೇ ಊರಿನ ಇನ್ನೊಬ್ಬ ವ್ಯಾಪಾರಿಗೆ ಬರೆದದ್ದು: ಅವರು ಹುಂಡಿಯನ್ನು ಮನ್ನಿಸದಿದ್ದರೆ ನಮ್ಮ ಮರ್ಯಾದೆಗಾಗಿ ತಾವು ಮನ್ನಿಸಬೇಕು ಎಂದು ಅದರ ತಾತ್ಪರ್ಯ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು; ಕೊಟ್ಟ ಮಾತು ನಡೆದೇ ನಡೆಯುತ್ತದೆಂದು ನಂಬಲು ನಮಗೆ ಇಷ್ಟ. ಪೇಟೆಯವರು ಮಾತ್ರ ಪುಣ್ಯಕೋಟಿ ಬಾರದಿದ್ದರೆ ಹುಲಿ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆದಿಡುತ್ತಿದ್ದರು.

ರೂಪಾಯಿ ನೋಟಿನ ಪಾಠ

ಇನ್ನು ಟೈಪ್‌ಸ್ಕ್ರಿಪ್ಟಿನ 'ಟೈಪ್' ಎಂದರೇನು? ಬೆರಳಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಟೈಪ್ ಎಂದರೆ ಇಲ್ಲಿ ವಸ್ತುವಿನ ಜಾತಿ. ಇದು ಅಂಕೆ, ಇದು ಅಕ್ಷರಮಾಲೆ, ಇದು ಹೌದು-ಅಲ್ಲ ಎಂದು ಪ್ರತಿಯೊಂದಕ್ಕೂ ಮೊದಲೇ ಹಣೆಪಟ್ಟಿ ಹಚ್ಚಿಡುವುದು. ಅಂಕೆಗೆ 'ನಂಬರ್' ಎಂಬ ಪಟ್ಟಿ. ಮುಂದೆ ಬರಲಿರುವ ಅಂಕೆಗೆ 'ಪ್ರಾಮಿಸ್' ಎಂದು ಬರೆದು, ಪಕ್ಕದಲ್ಲಿ ಮೊನೆಯಾದ ಆವರಣದೊಳಗೆ 'ನಂಬರ್' ಎಂದು ಬರೆಯುತ್ತಾರೆ. ಇವೆರಡೂ ಒಂದೇ ಅಲ್ಲವೆಂಬುದು ಈ ಭಾಷೆಯ ಮೊದಲ ಪಾಠ.

ಈ ಪಾಠ ನಮ್ಮ ಜೇಬಿನಲ್ಲೇ ಇದೆ. 1935ರ ಏಪ್ರಿಲ್ 1ರಂದು ಆರಂಭವಾದ ರಿಸರ್ವ್ ಬ್ಯಾಂಕಿನ ಕೇಂದ್ರ ಕಛೇರಿ 1937ರಲ್ಲಿ ಕಲಕತ್ತೆಯಿಂದ ಮುಂಬಯಿಗೆ ಬಂದು ಇಲ್ಲೇ ಉಳಿಯಿತು. ಅದು ಹೊರಡಿಸುವ ಹತ್ತರ ನೋಟನ್ನೋ ನೂರರ ನೋಟನ್ನೋ ತೆಗೆದು ನೋಡಿರಿ. ಧಾರಕನಿಗೆ ಇಷ್ಟು ರೂಪಾಯಿ ಸಲ್ಲಿಸುವುದಾಗಿ ಗವರ್ನರರ ವಚನವೂ ರುಜುವೂ ಅಲ್ಲಿವೆ. ಹಿಂಬದಿಯ ಭಾಷಾಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ಮೊತ್ತವು ನಮ್ಮ ಕನ್ನಡದಲ್ಲೂ ಇದೆ. ಈಗ ಒಂದು ರೂಪಾಯಿಯ ನೋಟನ್ನು ನೋಡಿರಿ. ಅದನ್ನು ಹೊರಡಿಸುವುದು ಭಾರತ ಸರಕಾರ; ರುಜು ಹಣಕಾಸು ಕಾರ್ಯದರ್ಶಿಯದು; ವಚನದ ವಾಕ್ಯ ಅದರ ಮೇಲೆ ಇಲ್ಲವೇ ಇಲ್ಲ. ಏಕೆಂದರೆ ಅದು ನಾಣ್ಯಕ್ಕೆ ಸಮಾನ, ಸ್ವತಃ ರೂಪಾಯಿ. ಉಳಿದವು ರೂಪಾಯಿ ಕೊಡುವುದಾಗಿ ಇತ್ತ ಮಾತು. ಒಂದು ರೂಪಾಯಿಯ ನೋಟು ನಂಬರ್. ನೂರರ ನೋಟು ನಂಬರಿನ ಪ್ರಾಮಿಸ್.

ನೋಟಿನ ವ್ಯವಹಾರದಲ್ಲಿ ಈ ಭೇದವನ್ನು ನಾವು ಮರೆತರೂ ನಡೆಯುತ್ತದೆ. ಕ್ರಮವಿಧಿಯಲ್ಲಿ ಮರೆತರೆ ನಡೆಯದು. ಇನ್ನೂ ಬಾರದ ಶಿಲ್ಕಿಗೆ ಹತ್ತು ಕೂಡಿಸಲು ಹೊರಟರೆ ಟೈಪ್‌ಸ್ಕ್ರಿಪ್ಟ್, ಕ್ರಮವಿಧಿ ಓಡುವ ಮೊದಲೇ, ಇದು ಅಂಕೆಯಲ್ಲ, ಅಂಕೆಯ ವಾಗ್ದಾನ ಎಂದು ತಡೆಯುತ್ತದೆ. "ಹಣ ಸಂದಿದೆಯೇ?" ಎಂದು ಕೇಳುವ ಬದಲು "ಹುಂಡಿ ಇದೆಯೇ?" ಎಂದು ಕೇಳಿ ಹೌದೆಂಬ ಉತ್ತರ ಪಡೆದು ಮುಂದುವರಿಯುವ ತಪ್ಪೂ ಉಂಟು. 2021ರ ಮೇ ತಿಂಗಳಲ್ಲಿ ಬಂದ 4.3ನೆಯ ಆವೃತ್ತಿಯಿಂದ ಆ ತಪ್ಪನ್ನೂ ಅದು ಗುರುತಿಸತೊಡಗಿತು.

ಟ್ರಂಕ್ ಕಾಲಿನ ಕಾಲ

ಪ್ರಾಮಿಸ್ ಬರುವ ಮೊದಲು ಗಣಕದವರು ಕಾಯುವುದನ್ನು ಹೇಗೆ ನಡೆಸುತ್ತಿದ್ದರು? 'ಕಾಲ್‌ಬ್ಯಾಕ್' ಎಂಬ ಉಪಾಯದಿಂದ. ಟ್ರಂಕ್ ಕಾಲಿನ ದಿನಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿಗೆ ಫೋನು ಮಾಡಬೇಕಾದರೆ ಎಕ್ಸ್‌ಚೇಂಜಿಗೆ ಹೇಳಿ ಕಾಲ್ ಬುಕ್ ಮಾಡಬೇಕು; ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಎಂದು ಹೇಳಬೇಕು; ಫೋನು ಕೆಳಗಿಡಬೇಕು. ಮಾರ್ಗ ಸಿಕ್ಕಾಗ ಆಪರೇಟರು ತಾವಾಗಿ ಕರೆಯುತ್ತಾರೆ. ಅಲ್ಲಿಯವರೆಗೆ ನೀವು ಅನ್ನಕ್ಕಿಡಬಹುದು, ಲೆಕ್ಕ ಬರೆಯಬಹುದು. ಕೆಲಸ ಮುಗಿದ ಮೇಲೆ ಈ ನಂಬರಿಗೆ ತಿರುಗಿ ಕರೆ ಎಂದು ಹೇಳಿಡುವುದೇ ಕಾಲ್‌ಬ್ಯಾಕ್.

ಒಂದು ಕರೆಗೆ ಇದು ಸೊಗಸು. ಆದರೆ ಊರಿನಲ್ಲಿ ಮನೆಗೆ ಫೋನಿಲ್ಲ, ಪೇಟೆಯ ಅಂಗಡಿಗೆ ಮಾತ್ರ ಇದೆ. ಮೊದಲ ಕರೆ ಅಂಗಡಿಗೆ: ಅಮ್ಮನನ್ನು ಸಂಜೆ ಕರೆಸಿರಿ. ಎರಡನೆಯ ಕರೆ ಸಂಜೆ ಅಮ್ಮನಿಗೆ: ಡಾಕ್ಟರು ಏನೆಂದರು? ಅವರ ಉತ್ತರ ಕೇಳಿ ಮೂರನೆಯ ಕರೆ ಮಂಗಳೂರಿನ ನೆಂಟರಿಗೆ: ಆಸ್ಪತ್ರೆಗೆ ಹಣ ಕಟ್ಟಿರಿ. ಕರೆಯ ಹೊಟ್ಟೆಯೊಳಗೆ ಕರೆ, ಅದರ ಹೊಟ್ಟೆಯೊಳಗೆ ಇನ್ನೊಂದು. ನಡುವೆ ಒಂದು ತಪ್ಪಿದರೆ ಯಾವುದು ತಪ್ಪಿತು, ಯಾರಿಗೆ ತಿಳಿಸಬೇಕು ಎಂಬುದೇ ಗೊತ್ತಾಗದು. ಜಾವಾಸ್ಕ್ರಿಪ್ಟಿನವರು ಇದೇ ಅವಸ್ಥೆಗೆ 'ಕಾಲ್‌ಬ್ಯಾಕ್ ನರಕ' ಎಂದು ಹೆಸರಿಟ್ಟರು.

ಗಣಕಕ್ಕೆ ಬಂದ ವಾಗ್ದಾನ

ಮುಂಬಯಿಗೆ ಗಣಕವೇನೂ ಹೊಸದಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ನಿರ್ಮಿಸಲಾದ ಗಣಕ 1960ರಲ್ಲಿ ಕೆಲಸ ಆರಂಭಿಸಿತು. 1962ರಲ್ಲಿ ಪ್ರಧಾನಿ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ನಾಮಕರಣ ಮಾಡಿದರು. 1964ರಲ್ಲಿ ಕೊಲಾಬಾದ ಆ ಸಂಸ್ಥೆಗೆ ಸಿಡಿಸಿ 3600 ಎಂಬ ದೊಡ್ಡ ಯಂತ್ರ ಬಂದಿತು. ದೇಶದ ಬೇರೆ ಸಂಸ್ಥೆಗಳವರೂ ಅದನ್ನು ಬಳಸಿದರು. ಅಂದಿನ ದೊಡ್ಡ ಯಂತ್ರಗಳಲ್ಲಿ ಕಾಯುವವನು ಮನುಷ್ಯ. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಹೋಗಿ, ಸರದಿ ಬಂದು ಮುದ್ರಿತ ಹಾಳೆ ಸಿಕ್ಕಾಗ ಒಯ್ಯುವುದು ಪದ್ಧತಿ.

ಯಂತ್ರ ಯಂತ್ರಕ್ಕಾಗಿ ಕಾಯುವ ಕಾಲ ಬಂದಾಗ ಹೊಸ ಮಾತು ಬೇಕಾಯಿತು. 1976ರಲ್ಲಿ ಅಮೇರಿಕೆಯ ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ ಎಂಬವರು 'ಪ್ರಾಮಿಸ್' ಎಂಬ ಶಬ್ದವನ್ನು ಈ ಅರ್ಥದಲ್ಲಿ ಬಳಸಿದರು. ಮರುವರ್ಷ ಹೆನ್ರಿ ಬೇಕರ್ ಮತ್ತು ಕಾರ್ಲ್ ಹೆವಿಟ್ ಅದೇ ತರದ ವಿಚಾರವನ್ನು 'ಫ್ಯೂಚರ್' ಎಂದು ಕರೆದರು. 1988ರಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೋವ್ ಮತ್ತು ಲಿಯೂಬಾ ಶ್ರೀರಾ ಎಂಬ ಇಬ್ಬರು ಮಹಿಳೆಯರು ಆರ್ಗಸ್ ಎಂಬ ಭಾಷೆಗಾಗಿ ಪ್ರಾಮಿಸಿಗೆ ಕಟ್ಟುನಿಟ್ಟಾದ ಟೈಪನ್ನು ಕೊಟ್ಟರು. ಅವರ ಪ್ರಾಮಿಸಿನ ಘೋಷಣೆಯಲ್ಲಿ ಎರಡು ಭಾಗ: ನಡೆದರೆ ಯಾವ ಜಾತಿಯ ಫಲ ಬರುತ್ತದೆ, ಮತ್ತು ನಡೆಯದಿದ್ದರೆ ಯಾವ ಯಾವ ಸಂಕೇತ ಬರಬಹುದು. ಹುಂಡಿ ಮತ್ತು ಜಿಕ್ರಿ ಚೀಟಿ ಎರಡೂ ಒಂದೇ ಹಾಳೆಯಲ್ಲಿ! ವಾಚಕರು ಇದನ್ನು ನೆನಪಿನಲ್ಲಿಡಬೇಕು.

1995 ಎರಡು ಕಾರಣಗಳಿಗಾಗಿ ಸ್ಮರಣೀಯ. ಆ ವರ್ಷದ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಒಂದು ಪುಟ್ಟ ಭಾಷೆಯ ಮೊದಲ ರೂಪ ಕಟ್ಟಿದರು. ಡಿಸೆಂಬರಿನಲ್ಲಿ ಅದಕ್ಕೆ ಜಾವಾಸ್ಕ್ರಿಪ್ಟ್ ಎಂದು ಹೆಸರಾಯಿತು. ಅದೇ ಆಗಸ್ಟ್ 15ರಂದು ಮುಂಬಯಿಯಲ್ಲಿ ಕೇಂದ್ರ ಕಛೇರಿಯಿದ್ದ ವಿದೇಶ ಸಂಚಾರ ನಿಗಮವು ಭಾರತದ ಸಾಮಾನ್ಯ ಜನರಿಗೆ ಇಂಟರ್‌ನೆಟ್ಟನ್ನು ತೆರೆಯಿತು. ಗುಂಡಿಗೆ ಬಣ್ಣ ಹಚ್ಚಲೆಂದು ಹುಟ್ಟಿದಂತಿದ್ದ ಆ ಭಾಷೆ ಮುಂದೆ ಬ್ಯಾಂಕು, ಟಿಕೇಟು, ಅಂಗಡಿಗಳ ಭಾರ ಹೊತ್ತಿತು. 2009ರಲ್ಲಿ ನೋಡ್ ಎಂಬ ಸಾಧನದಿಂದ ಅದು ಪರದೆಯಾಚೆಯ ದೊಡ್ಡ ಗಣಕಗಳಿಗೂ ವ್ಯಾಪಕವಾಗಿ ಹಬ್ಬಿತು. ಭಾರ ಹೆಚ್ಚಿದಂತೆ ಕಾಲ್‌ಬ್ಯಾಕಿನ ಗೋಜಲೂ ಹೆಚ್ಚಿತು.

2012ರಲ್ಲಿ ಪ್ರಾಮಿಸುಗಳು ಹೇಗೆ ನಡೆದುಕೊಳ್ಳಬೇಕೆಂಬ ಒಂದು ಒಡಂಬಡಿಕೆ ರೂಪುಗೊಂಡಿತು. ಅದೇ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಆಂಡರ್ಸ್ ಹೈಲ್ಸ್‌ಬರ್ಗ್ ಮತ್ತು ಅವರ ಸಂಗಡಿಗರು, ಜಾವಾಸ್ಕ್ರಿಪ್ಟಿಗೆ ಜಾತಿಯ ಹಣೆಪಟ್ಟಿ ಹಚ್ಚುವ ಟೈಪ್‌ಸ್ಕ್ರಿಪ್ಟನ್ನು ಪ್ರಕಟಿಸಿದರು. 2015ರ ಜೂನ್ ತಿಂಗಳಲ್ಲಿ ಪ್ರಾಮಿಸು ಜಾವಾಸ್ಕ್ರಿಪ್ಟಿನ ಅಧಿಕೃತ ಅಂಗವಾಯಿತು. ಅದೇ ನವೆಂಬರಿನಲ್ಲಿ ಟೈಪ್‌ಸ್ಕ್ರಿಪ್ಟ್ 1.7 ಹೊಸ ಯಂತ್ರಗಳಿಗೂ, 2016ರ ಡಿಸೆಂಬರಿನಲ್ಲಿ 2.1 ಹಳೆಯ ಯಂತ್ರಗಳಿಗೂ ಹೊಂದುವಂತೆ 'ಅಸಿಂಕ್' ಮತ್ತು 'ಅವೇಟ್' ಎಂಬ ಜೋಡಿ ಶಬ್ದಗಳನ್ನು ತಂದವು. 2017ರಲ್ಲಿ ಇವು ಮೂಲ ಭಾಷೆಗೂ ಸೇರಿದವು. 'ಅವೇಟ್' ಎಂದರೆ, ಈ ಸಾಲಿನಲ್ಲಿ ಉತ್ತರ ಬರುವವರೆಗೆ ಈ ಕಡತವನ್ನು ಬದಿಗಿಡು, ಗುಮಾಸ್ತ ಬೇರೆಯವರನ್ನು ನೋಡಲಿ, ಉತ್ತರ ಬಂದೊಡನೆ ಇಲ್ಲಿಂದಲೇ ಮುಂದುವರಿಸು ಎಂದು. ಹೊಟ್ಟೆಯೊಳಗೆ ಹೊಟ್ಟೆಯಾಗಿದ್ದ ಮೂರು ಟ್ರಂಕ್ ಕಾಲುಗಳು ಒಂದರ ಕೆಳಗೊಂದು ಮೂರು ಸಾಲುಗಳಾದವು.

ಇದರಲ್ಲೂ ವಿವೇಕ ಬೇಕು. ಮದುವೆಗೆ ಛತ್ರ, ಅಡಿಗೆಯವರು, ಪುರೋಹಿತರು ಮೂವರಿಗೂ ಒಟ್ಟಿಗೇ ಕಾಗದ ಬರೆಯಬೇಕಲ್ಲದೆ, ಒಬ್ಬರ ಉತ್ತರ ಬರುವವರೆಗೆ ಇನ್ನೊಬ್ಬರಿಗೆ ಬರೆಯದಿರುವುದು ಜಾಣತನವಲ್ಲ. ಒಟ್ಟಿಗೆ ಕೇಳಲು 'ಪ್ರಾಮಿಸ್ ಆಲ್' ಇದೆ. ಒಬ್ಬರು ಇಲ್ಲವೆಂದರೂ ಅದು ಒಟ್ಟಾರೆ ಇಲ್ಲವೆನ್ನುತ್ತದೆ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂದು ಎಲ್ಲರ ವರದಿ ಬೇಕಾದರೆ 2020ರಲ್ಲಿ ಬಂದ 'ಆಲ್ ಸೆಟಲ್ಡ್' ಇದೆ.

ಬರೆಯದೆ ಉಳಿದ ಅರ್ಧ

ಈಗ ಜಿಕ್ರಿ ಚೀಟಿಯ ಮಾತಿಗೆ ಬರೋಣ. ಟೈಪ್‌ಸ್ಕ್ರಿಪ್ಟಿನಲ್ಲಿ ಪ್ರಾಮಿಸಿನ ಹಣೆಪಟ್ಟಿ, ನಡೆದರೆ ಏನು ಬರುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ನಡೆಯದಿದ್ದರೆ ಏನು ಬರುತ್ತದೆಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಯಾರು ಬೇಕಾದರೂ ಯಾವ ವಸ್ತುವನ್ನು ಬೇಕಾದರೂ ತಪ್ಪೆಂದು ಎಸೆಯಬಹುದಾದ್ದರಿಂದ ಅದನ್ನು ಮೊದಲೇ ಘೋಷಿಸುವುದು ಕಷ್ಟ. 1988ರ ಆ ಎರಡು ಭಾಗಗಳ ಪತ್ರದಲ್ಲಿ ಒಂದು ಭಾಗ ಹೀಗೆ ಬಿಟ್ಟುಹೋಯಿತು.

ತಪ್ಪನ್ನು ಹಿಡಿಯಲು 'ಕ್ಯಾಚ್' ಎಂಬ ಏರ್ಪಾಡು ಇದೆ. ಬರೆಯುವವನು ತಾನಾಗಿ ನೆನೆದು ಬರೆಯಬೇಕು. ಅಲ್ಲಿ ಸಿಕ್ಕುವ ವಸ್ತುವಿನ ಜಾತಿ ಬಹುಕಾಲ 'ಎನಿ', ಎಂದರೆ ಏನು ಬೇಕಾದರೂ ಎಂದಿತ್ತು. 2021ರ ಆಗಸ್ಟಿನ 4.4ನೆಯ ಆವೃತ್ತಿಯಿಂದ, ಕಟ್ಟುನಿಟ್ಟಿನ ಕ್ರಮವನ್ನು ಆರಿಸಿಕೊಂಡವರಿಗೆ ಅದು 'ಅನ್‌ನೋನ್' ಆಯಿತು. ಕಳಿಸಿದವರ ಹೆಸರಿಲ್ಲದ ಟಪಾಲಿನಂತೆ, ಒಡೆದು ಪರೀಕ್ಷಿಸದೆ ಅದನ್ನು ಮುಂದಕ್ಕೆ ಕಳಿಸುವಂತಿಲ್ಲ. ಯಾರೂ ಹಿಡಿಯದ ನಿರಾಕರಣೆಗೆ ನೋಡ್ ಮೊದಲು ಎಚ್ಚರಿಕೆಯ ಸಾಲೊಂದನ್ನು ಮುದ್ರಿಸಿ ಸುಮ್ಮನಾಗುತ್ತಿತ್ತು. 2020ರ ಅಕ್ಟೋಬರಿನಲ್ಲಿ ಬಂದ 15ನೆಯ ಆವೃತ್ತಿಯಿಂದ ಇಡೀ ಕ್ರಮವಿಧಿಯನ್ನೇ ನಿಲ್ಲಿಸತೊಡಗಿತು. ಸದ್ದಿಲ್ಲದೆ ಕಳೆದುಹೋಗುವುದಕ್ಕಿಂತ ಸದ್ದು ಮಾಡಿ ನಿಲ್ಲುವುದು ಮೇಲೆಂದು ಅನುಭವ ಕಲಿಸಿತು.

ಇದು ಬರಿಯ ಗಣಕದವರ ತಕರಾರೇ? ಅಲ್ಲ. ಯುಪಿಐ ಎಂಬ ಹಣ ರವಾನೆಯ ವ್ಯವಸ್ಥೆಗೆ 2016ರ ಏಪ್ರಿಲ್ 11ರಂದು ಮುಂಬಯಿಯಲ್ಲಿ ಚಾಲನೆ ದೊರೆಯಿತು. ಅದನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮದ ಕೇಂದ್ರವೂ ಇಲ್ಲೇ. ಅದರ ಒಳಗಣ ಭಾಷೆ ಯಾವುದೇ ಇರಲಿ, ನಮ್ಮ ಪರದೆಗೆ ಕಾಣುವುದು ಅವೇ ಮೂರು ಅವಸ್ಥೆ. ಹೊಟೇಲಿನ ಹುಡುಗನೊಬ್ಬ ತಾಯಿಯ ಔಷಧಕ್ಕೆಂದು ಕುಂದಾಪುರಕ್ಕೆ ಹಣ ಕಳಿಸುತ್ತಾನೆ. ಅವನ ಖಾತೆಯಿಂದ ಹಣ ಹೋಗಿದೆ, ಅಲ್ಲಿಗೆ ಬಂದಿಲ್ಲ. ಪರದೆಯ ಮೇಲೆ ಪೆಂಡಿಂಗ್ ಎಂದು ಚಕ್ರ ತಿರುಗುತ್ತಿದೆ. ಆ ಗಳಿಗೆಯಲ್ಲಿ ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬಂತಾಗಬಾರದು. ಮತ್ತೊಮ್ಮೆ ಕಳಿಸಲೇ, ಕಾಯಲೇ ಎಂದು ಅವನಿಗೆ ಹೇಳುವವರು ಯಾರು?

2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಯುಪಿಐ ಮೂಲಕ ಒಬ್ಬರಿಂದ ಇನ್ನೊಬ್ಬರ ಖಾತೆಗೆ ಕಳಿಸಿದ ಹಣ ಕಡಿತವಾಗಿಯೂ ಅಲ್ಲಿಗೆ ಜಮೆಯಾಗದಿದ್ದರೆ ಮರುದಿನದೊಳಗೆ ಅದು ತಾನಾಗಿ ಹಿಂತಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕನಿಗೆ ಪರಿಹಾರ ಸಲ್ಲಬೇಕು ಎಂದು ಅದು ವಿಧಿಸಿತು. ಅಕ್ಟೋಬರ್ 15ರಿಂದ ಅದು ಜಾರಿಗೆ ಬಂದಿತು. ಭಾಷೆಯಲ್ಲಿ ಬರೆಯದೆ ಉಳಿದ ಅರ್ಧವನ್ನು ಇಲ್ಲಿ ನಿಯಮ ಬರೆಯಿತು. ಕಾಲಬಾದೇವಿಯ ಜಿಕ್ರಿ ಚೀಟಿ ಮಿಂಟ್ ರಸ್ತೆಯ ಕಛೇರಿಯಿಂದ ಮರಳಿ ಬಂದಿತೆಂದರೆ ಅತಿಶಯವಾಗದು.

ನಮ್ಮ ಹಿರಿಯರು ಇದೇ ಊರಿನಿಂದ ಮನಿಯಾರ್ಡರು ಕಳಿಸುತ್ತಿದ್ದರು. ಅಂಚೆ ಇಲಾಖೆ 1880ರಲ್ಲಿ ಆರಂಭಿಸಿದ ಆ ವ್ಯವಸ್ಥೆಯಲ್ಲಿ ಹಣ ಮುಟ್ಟಿದರೆ ತಾಯಿಯ ಹೆಬ್ಬೆಟ್ಟಿನ ಗುರುತು ಹೊತ್ತ ರಸೀದಿ ತಿರುಗಿ ಬರುತ್ತಿತ್ತು. ಮುಟ್ಟದಿದ್ದರೆ ಹಣವೇ ತಿರುಗಿ ಬರುತ್ತಿತ್ತು, ಏಕೆ ಮುಟ್ಟಲಿಲ್ಲವೆಂಬ ಅಂಚೆಯವನ ಷರಾ ಸಹಿತ. ಎರಡರಲ್ಲಿ ಒಂದು ಬರುವುದೆಂಬ ಭರವಸೆಯಿಂದಲೇ ಅವರು ಕೌಂಟರಿನಿಂದ ನೇರ ಕೆಲಸಕ್ಕೆ ಮರಳುತ್ತಿದ್ದರು. ಇಂದು ಕ್ರಮವಿಧಿ ಬರೆಯುವ ನಮ್ಮ ತರುಣ ತರುಣಿಯರಲ್ಲಿ ನಮ್ಮ ಕೋರಿಕೆ ಇಷ್ಟೆ. 'ಅವೇಟ್' ಬರೆದ ಪ್ರತಿಯೊಂದು ಕಡೆಯಲ್ಲೂ ಹಣ ಮುಟ್ಟದೆ ತಿರುಗಿ ಬಂದಾಗ ಯಾವ ಷರಾ ಕಾಣಬೇಕೆಂಬುದನ್ನು ಯೋಚಿಸಿ ಬರೆಯಿರಿ. ಅದನ್ನು ಓದುವವರಿಗೆ ತಿಳಿಯುವ ಮಾತಿನಲ್ಲಿ, ಸಾಧ್ಯವಾದರೆ ಕನ್ನಡದಲ್ಲಿ, ಬರೆಯಿರಿ. ಆ ಕೆಲಸವನ್ನು ಭಾಷೆ ನಿಮಗಾಗಿ ಮಾಡಿಕೊಡುವುದಿಲ್ಲ.